ಫರಸಿಯ ಮೇಲೆ ಬರೆದ ಜೀಪು

ಮೆಹಬೂಬ ಮಿಸ್ತ್ರಿಯ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು. ಬೇರೆ ಮಿಸ್ತ್ರಿಗಳು ಅಲ್ಲಿ ಬೀಡಿ ಸಿಗಿಸಿಕೊಳ್ಳುತ್ತಾರೆ, ಬಡಗಿಗಳು ಪೆನ್ಸಿಲ್ಲು. ಇವನದು ಸುಣ್ಣ. ಅದರ ಪುಡಿ ಮೆತ್ತಿ ಮೆತ್ತಿ ಆ ಬದಿಯ ಕೂದಲು ಮಾತ್ರ ಬೆಳ್ಳಗಾಗಿತ್ತು. ಎಡಗಡೆಯಿಂದ ನೋಡಿದವರು ಅವನನ್ನು ತಮ್ಮಾ ಅನ್ನುತ್ತಿದ್ದರು, ಬಲಗಡೆಯಿಂದ ನೋಡಿದವರು ಚಾಚಾ ಅನ್ನುತ್ತಿದ್ದರು. ಅವನು ಇಬ್ಬರಿಗೂ ಓಗೊಡುತ್ತಿದ್ದ.

ವಾಡಿಯಿಂದ ರಾವೂರಿಗೆ ಹೋಗುವ ದಾರಿಯಲ್ಲಿ, ಕಲ್ಲಿನ ಗಣಿಗಳು ಶುರುವಾಗುವ ಮೊದಲು, ಅವನ ಗ್ಯಾರೇಜು. ಗೋಡೆ ಫರಸಿ ಕಲ್ಲಿನದು, ನೆಲ ಫರಸಿ, ಕೂರುವ ಕಟ್ಟೆಯೂ ಫರಸಿ. ಹಳೇ ಜೀಪುಗಳನ್ನು ಪೂರ್ತಿ ಬಿಚ್ಚಿ, ಕೇಳಿದವರ ಕೆಲಸಕ್ಕೆ ತಕ್ಕಂತೆ ಮತ್ತೆ ಕಟ್ಟಿ ಕೊಡುವುದು ಅವನ ಕಸುಬು. ಗಣಿಯ ಇಳಿಜಾರಿಗೆ ಒಂದು ತರಹ, ಮಳೆಗಾಲದ ಎರೆಹೊಲಕ್ಕೆ ಒಂದು ತರಹ, ಚಿಂಚೋಳಿಯ ಕಾಡಿನ ದಾರಿಗೆ ಇನ್ನೊಂದು ತರಹ. ಗ್ಯಾರೇಜಿನ ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ. ಆ ಜೀಪುಗಳಿಗೆ ಮೇಲೆ ಹೊದಿಸುವ ತಾಡಪತ್ರಿಯ ಹುಡ್ಡು, ಸೀಟಿನ ಗವಸು ಹೊಲಿಯುವವಳು ನಾನು. ನನಗಿಂತ ಹಿರಿಯನಾದರೂ ಮಿಸ್ತ್ರಿ ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದ. ನನ್ನ ಬಾಯಿ ಜೋರು, ಅದಕ್ಕೇ ಇರಬೇಕು.

ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಆಗಂಗಿಲ್ರಿ." ಏನು ಬೇಕು ಅಂತ ಕೇಳುವುದು ಆಮೇಲೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದ ಲಕ್ಷ್ಮಿಯನ್ನು ಒದ್ದು ಕಳಿಸುತ್ತೀಯಲ್ಲ ಅಂತ ಬೈದರೆ ನಗುತ್ತಿದ್ದ.

"ಅಕ್ಕಾ, ಮೊದಲ ಇಲ್ಲ ಅಂದ್ರ ಒಂದ್ ದಿನ ಸಿಟ್ಟಾಗ್ತಾನ. ಆಮ್ಯಾಲ ಇಲ್ಲ ಅಂದ್ರ ಜಿಂದಗಿ ತುಂಬ ಬೈತಾನ."

ಒಮ್ಮೆ ಸೇಡಂನಿಂದ ಒಬ್ಬ ಹುಡುಗ ಬಂದ. ಅಪ್ಪ ಗುತ್ತಿಗೆದಾರ, ಕೈಯಲ್ಲಿ ದೊಡ್ಡ ಫೋನು, ಫೋನಿನ ತುಂಬ ಬಂಡೆಗಳ ಮೇಲೆ ಹತ್ತುವ ಜೀಪುಗಳ ಚಿತ್ರ. ಆಳೆತ್ತರದ ಗಾಲಿ, ನೆತ್ತಿಯ ಮೇಲೆ ದೀಪಗಳ ಸಾಲು, ಮುಂದೆ ಹಗ್ಗ ಸುತ್ತುವ ಯಂತ್ರ.

"ಇಂಥಾದ್ದೇ ಬೇಕ್ರಿ ಮಿಸ್ತ್ರಿ. ಗುಡ್ಡ ಏರಬೇಕು."

"ನಿಮ್ಮ ಕಡಿ ಗುಡ್ಡ ಎಲ್ಲಿ ಅದ್ರಿ?"

ಹುಡುಗ ಫೋನಿನಿಂದ ತಲೆ ಎತ್ತಿದ. "ಇಲ್ರಿ. ಆದ್ರ ಏರಬೇಕು."

ಮಿಸ್ತ್ರಿ ನಗಲಿಲ್ಲ. ಅವನ ಹತ್ತಿರ ಬಣ್ಣವಿಲ್ಲದ, ಬಾಗಿಲಿಲ್ಲದ ಸ್ವಂತ ಜೀಪೊಂದಿತ್ತು. ಅದಕ್ಕೆ ಬುಡ್ಡಿ ಅಂತ ಹೆಸರು, ಅಂದರೆ ಮುದುಕಿ. ದೊಡ್ಡ ಆಸೆ ಹೊತ್ತು ಬಂದವರಿಗೆಲ್ಲ ಬುಡ್ಡಿಯ ಕೀಲಿ ಕೊಟ್ಟು, ಹಿಂದಿನ ಪಾಳು ಗಣಿಗೆ ಇಳಿಸಿ ಏರಿಸಿಕೊಂಡು ಬರಲು ಕಳಿಸುತ್ತಿದ್ದ. ಅದೇ ಅವನ ಪದ್ಧತಿ. ಈ ಹುಡುಗನಿಗೂ ಕೊಟ್ಟ. "ಆಸಿ ಒಂದೀಟು ಇಳಿಸ್ಕೊಂಡು ಬರ್ರಿ. ಆಮ್ಯಾಲ ಗಾಡಿ ಎಷ್ಟು ಎತ್ತರ ಮಾಡಾದು ನೋಡಮು." ಮಧ್ಯಾಹ್ನದ ಹೊತ್ತಿಗೆ ಹುಡುಗ ನಡೆದುಕೊಂಡು ವಾಪಸು ಬಂದ. ಬುಡ್ಡಿ ಕೆಸರಲ್ಲಿತ್ತು, ಅವನ ಬಿಳಿ ಅಂಗಿಯೂ ಕೆಸರಲ್ಲಿತ್ತು. ಕಟ್ಟೆಯ ಮೇಲೆ ಕುಳಿತು ಒಂದು ತಂಬಿಗೆ ನೀರು ಕುಡಿದು, "ಎತ್ತರ ಬ್ಯಾಡ್ರಿ. ಹೊಲಕ್ಕ ಹೋಗಿ ಬಂದ್ರ ಸಾಕು," ಅಂದ. ಅವನ ಜೀಪು ಇವತ್ತಿಗೂ ಹೊಲಕ್ಕೆ ಹೋಗಿ ಬರುತ್ತಿದೆ.

ಆಸೆ ಇಳಿದ ಮೇಲೆ ಸುಣ್ಣ ಕಿವಿಯಿಂದ ಕೈಗೆ ಬರುತ್ತಿತ್ತು. ಫರಸಿಯ ನೆಲದ ಮೇಲೆ ಇಡೀ ಜೀಪನ್ನು ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದ. ಅದರಲ್ಲಿ ಓಡಾಡುವ ಮಂದಿಯೆಲ್ಲ ಬರಲೇಬೇಕು. ಸೀಟಿನ ಜಾಗಕ್ಕೆ ಕಟ್ಟಿಗೆಯ ಪೆಟ್ಟಿಗೆಗಳನ್ನಿಟ್ಟು ಎಲ್ಲರನ್ನೂ ಗೆರೆಯೊಳಗೆ ಕೂರಿಸುತ್ತಿದ್ದ. ಅತ್ತೆ, ಸೊಸೆ, ಮಕ್ಕಳು, ಎಲ್ಲರೂ ಬಯಲು ನೆಲದಲ್ಲಿ ಒತ್ತೊತ್ತಿ ಕುಳಿತು ಮುಂದೆ ನೋಡುತ್ತಿದ್ದರೆ ನನಗೆ ನಗು ತಡೆಯುತ್ತಿರಲಿಲ್ಲ. ಮಿಸ್ತ್ರಿ ಮಾತ್ರ ಒಬ್ಬೊಬ್ಬರ ಮುಂದೆ ಬಗ್ಗಿ ಒಂದೇ ಪ್ರಶ್ನೆ ಕೇಳುತ್ತಿದ್ದ. "ಮೊಣಕಾಲು ತಾಗ್ತಾವೇನ್ರಿ?" ತಾಗುತ್ತವೆ ಅಂದರೆ ಗೆರೆ ಒರೆಸಿ ಮತ್ತೆ ಎಳೆಯುತ್ತಿದ್ದ. ಎಲ್ಲರೂ ಒಪ್ಪಿದ ಮೇಲೆ, "ಇಷ್ಟೇ ಗಾಡಿ. ಇದಕ್ಕಿಂತ ಹೆಚ್ಚಿಗಿ ಕನಸಿನಾಗೂ ನೋಡಬ್ಯಾಡ್ರಿ," ಅಂತ ಹೇಳಿ ಕೆಲಸ ಹಿಡಿಯುತ್ತಿದ್ದ.

ಗ್ಯಾರೇಜಿನಲ್ಲಿ ನಾಳೆ ಅನ್ನುವ ಮಾತಿಗೆ ಜಾಗವಿರಲಿಲ್ಲ. ಚಿತ್ತಾಪುರದ ಒಬ್ಬ ಯಜಮಾನರು ಮಗಳ ಮದುವೆಗೆ ಜೀಪು ತಯಾರಾಗಬೇಕು ಅಂತ ಹಟ ಹಿಡಿದರು. ಬೇರೆ ಯಾರಾದರೂ ಆಗಿದ್ದರೆ ನಾಳೆ, ನಾಡಿದ್ದು ಅಂತ ಓಡಾಡಿಸುತ್ತಿದ್ದರು. ಇವನು ಮೊದಲ ದಿನವೇ, "ಮದಿವಿಗಿ ಬರಂಗಿಲ್ರಿ. ಮಗಳು ಮೊದಲ ಸಲ ತವರಿಗಿ ಬರ್ತಾಳಲ್ಲ, ಅವಾಗ ಬರ್ತದ," ಅಂದ. ಯಜಮಾನರು ಬಾಯಿಗೆ ಬಂದಂತೆ ಬೈದು ಹೋದರು. ಮದುವೆ ಮುಗಿಯಿತು. ಮಗಳು ತವರಿಗೆ ಬರುವ ಹಿಂದಿನ ದಿನ ಜೀಪು ಅವರ ಮನೆಯ ಮುಂದೆ ನಿಂತಿತ್ತು. ಬೈದವರೇ ಪೇಢೆ ತಂದು ಹಂಚಿದರು. ಶಹಾಬಾದಿನಿಂದ ತೆಂಗಳಿಯ ತನಕ ಮಂದಿ ಒಂದು ಮಾತು ಆಡುತ್ತಿದ್ದರು: ಮಿಸ್ತ್ರಿ ಅಂದದ್ದು ಅಂದಂತೆ.

ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವನ ಹೆಂಡತಿ ಜುಬೇದಾ.

ಜುಬೇದಾ ಚಿಂಚೋಳಿ ಕಡೆಯ ಕೊಡ್ಲಿಯವಳು. ಮಕ್ಕಳಿಲ್ಲ. ಎರಡೂ ಮೊಣಕಾಲು ಕಟ್ಟಿಗೆಯಂತೆ ಬಿಗಿದು, ಕೂತರೆ ಕಾಲು ಚಾಚಿಯೇ ಕೂರಬೇಕು. ಬಸ್ಸಿನ ಸೀಟಾಗಲಿ ಕಾರಿನ ಸೀಟಾಗಲಿ ಅವಳಿಗೆ ಒಗ್ಗುತ್ತಿರಲಿಲ್ಲ. ಬುಡ್ಡಿಯಲ್ಲಿ ಒಮ್ಮೆ ಕೂತು ಊರ ಗಡಿ ದಾಟುವ ಮೊದಲೇ ಅಳುತ್ತ ಇಳಿದಿದ್ದಳು. ತವರು ಕಂಡು ಎಷ್ಟೋ ವರ್ಷಗಳಾಗಿದ್ದವು. "ಊರ ಮಂದಿಗೆಲ್ಲ ಗಾಡಿ ಕಟ್ತಿ, ನನಗೊಂದು ಕಟ್ಟಲಿಲ್ಲ," ಅಂತ ಅವಳು ನನ್ನೆದುರೇ ಚುಚ್ಚುತ್ತಿದ್ದಳು. ಮಿಸ್ತ್ರಿ ಅದಕ್ಕೆ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಎದುರಿಗೆ ಯಾವಾಗಲೂ ಇನ್ಯಾರದೋ ಗಾಡಿ ಬಿಚ್ಚಿಕೊಂಡು ಬಿದ್ದಿರುತ್ತಿತ್ತು.

ಅವನಿಗೆ ಕೆಮ್ಮು ಹಿಡಿದದ್ದು ಬೇಸಿಗೆಯಲ್ಲಿ. ಕಬ್ಬಿಣ ಉಜ್ಜಿದ ಪುಡಿ, ಬಣ್ಣದ ಹೊಗೆ, ದಾರಿಯ ಕಲ್ಲಿನ ದೂಳು, ಎಲ್ಲವನ್ನೂ ಬರೀ ಮೂಗಿನಲ್ಲಿ ಎಳೆದುಕೊಂಡ ಮನುಷ್ಯ. ಜುಬೇದಾಗೆ ಮೆಟ್ಟಿಲು ಹತ್ತಲಾಗದು ಅಂತ ನಾನೂ ನನ್ನ ಗಂಡನೂ ಅವನನ್ನು ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಔಷಧಿ ಕೊಡ್ತೀನಿ. ಉಸಿರಾಟ ಸ್ವಲ್ಪ ಹಗುರ ಆಗ್ತದೆ. ಮೊದಲಿನ ಹಾಗೆ ಆಗೋದಿಲ್ಲ. ಬಹಳ ದಿನ ಇಲ್ಲ."

ನಾನು ಜಗಳಕ್ಕೇ ನಿಂತೆ. ಹೈದರಾಬಾದಿಗೆ ಒಯ್ಯುತ್ತೇವೆ, ಇನ್ನೊಬ್ಬರಿಗೆ ತೋರಿಸುತ್ತೇವೆ, ಹಾಗೆ ಹೇಗೆ ಹೇಳುತ್ತೀರಿ ಅಂತ ದನಿ ಏರಿಸಿದೆ. ಮಿಸ್ತ್ರಿ ನನ್ನ ಕೈ ಹಿಡಿದು ಕೂರಿಸಿದ.

"ಸುಮ್ಮನಿರು ಅಕ್ಕಾ. ಡಾಕ್ಟರ್ ಚಲೋ ಮಿಸ್ತ್ರಿ ಅದಾರ. ಆಗದ್ದು ಮೊದಲ ಹೇಳ್ಯಾರ."

ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಹತ್ತಿರ ಕುಳಿತು ಹೊರಗೆ ನೋಡುತ್ತಿದ್ದ. ಶಹಾಬಾದ ದಾಟಿದ ಮೇಲೆ ಒಂದೇ ಮಾತಾಡಿದ. "ಜುಬೇದಾಗ ನಾನೇ ಹೇಳ್ತೀನಿ. ನೀವು ಬಾಯಿ ಬಿಡಬ್ಯಾಡ್ರಿ." ಇವನಿಗಿಂತ ಚೆನ್ನಾಗಿ ಇದನ್ನು ಹೇಳಬಲ್ಲವರು ಈ ಸೀಮೆಯಲ್ಲಿ ಯಾರೂ ಇಲ್ಲ ಅಂದುಕೊಂಡು ನಾವು ಒಪ್ಪಿದೆವು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಏನಂದ್ರು?"

"ಆರಾಮ ಆಗ್ತದ ಅಂದ್ರು," ಅಂದ ಮಿಸ್ತ್ರಿ. "ಮಳಿಗಾಲ ಮುಗಿಲಿ. ನಿನಗೊಂದು ಗಾಡಿ ಕಟ್ತೀನಿ. ಕೊಡ್ಲಿಗಿ ಕರ್ಕೊಂಡು ಹೋಗ್ತೀನಿ."

ನಾನು ಅಲ್ಲೇ ನಿಂತಿದ್ದೆ. ಜುಬೇದಾಳ ಮುಖ ನೋಡಲಾಗದೆ ಚಪ್ಪಲಿ ಹುಡುಕುವ ನೆಪ ಮಾಡಿದೆ. ಆ ಮುಖದಲ್ಲಿ ಅಷ್ಟು ಬೆಳಕಿತ್ತು.

ಬೇರೆ ಗಂಡ ಹಾಗೆ ಹೇಳಿದ್ದರೆ ಹೆಂಡತಿ ಅರ್ಧ ನಂಬುತ್ತಿದ್ದಳು, ಅರ್ಧ ಬಿಡುತ್ತಿದ್ದಳು. ಇವನು ಹೇಳಿದ್ದರಿಂದ ಅವಳು ಪೂರ್ತಿ ನಂಬಿದಳು. ಅವತ್ತೇ ಕೊಡ್ಲಿಗೆ ಫೋನು ಹೋಯಿತು. ಅವಳ ಅಣ್ಣನೂ ಮಿಸ್ತ್ರಿಯ ಮಾತನ್ನು ಬಲ್ಲವನೇ. ಅವನು ಅಂಗಳದ ಬೇಲಿಗೆ ನೆಟ್ಟಿದ್ದ ಫರಸಿಗಳನ್ನು ಕಿತ್ತು, ಜಾಲಿಯ ಮುಳ್ಳು ಕಡಿದು, ಜೀಪು ಮನೆಯ ಬಾಗಿಲ ತನಕ ಬರುವಂತೆ ದಾರಿ ಮಾಡಿಟ್ಟ. ತಂಗಿಗೆ ನಡೆಯುವ ಕಷ್ಟ ಬೇಡ ಅಂತ. ಜುಬೇದಾ ಆ ಸುದ್ದಿಯನ್ನು ಗ್ಯಾರೇಜಿಗೇ ಫೋನು ಮಾಡಿ ಹೇಳಿದಳು. ಮಿಸ್ತ್ರಿ ಕೇಳಿಸಿಕೊಂಡು, ಚಲೋ ಆತು ಅಂತ ಹೇಳಿ, ಫೋನು ಇಟ್ಟು ಕೆಮ್ಮತೊಡಗಿದ. ಆ ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅಲ್ಲೋ, ಊರಿಗೆಲ್ಲ ಇಲ್ಲ ಅಂತೀದಿ. ಹೇಂತಿಗಿ ಒಂದ್ ಮಾತು ಹೇಳಾಕ ಆಗವಲ್ದು? ಅಲ್ಲಿ ಬೇಲಿ ಕಿತ್ತಾರ."

"ಹೇಳ್ತೀನಿ ಅಕ್ಕಾ."

"ಯಾವಾಗ?"

"ನಾಳಿ."

ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಹೇಳಿದ: "ಗಿರಾಕಿ ಆಸಿ ಇಳಿಸ್ದ ಅಂದ್ರ ಮನಿಗಿ ಹೋಗಿ ಉಣ್ತಾನ. ಅಕಿ ಆಸಿ ಇಳಿಸಿದ್ರ ಅಕಿ ಎಲ್ಲಿಗಿ ಹೋಗ್ಬೇಕು?"

ಮಳೆಗಾಲ ಅರ್ಧ ಕಳೆದಿತ್ತು. ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮಿಸ್ತ್ರಿ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದ. ಬಗ್ಗಲು ಆಗುತ್ತಿರಲಿಲ್ಲ. ಒಂದು ಗೆರೆ ಎಳೆದು, ಉಸಿರು ಸಿಗುವ ತನಕ ಕಾದು, ಚೀಲವನ್ನು ಮುಂದಕ್ಕೆ ಜರುಗಿಸಿಕೊಂಡು ಇನ್ನೊಂದು ಗೆರೆ ಎಳೆಯುತ್ತಿದ್ದ. ನಟ್ಟು ಬಿಚ್ಚುವ ಪಾನಾ ಎತ್ತಲೂ ಕೈಯಲ್ಲಿ ಬಲವಿಲ್ಲದ ಮನುಷ್ಯ.

"ಯಾರ ಗಾಡಿ?" ಅಂತ ಕೇಳಿದೆ.

"ಜುಬೇದಾಂದು. ಬರೀ ಗೆರಿ ಹೊಡಿಲಿಕತ್ತೀನಿ ಅಕ್ಕಾ. ಗೆರಿಗಿ ಏನ್ ತಾಕತ್ತು ಬೇಕು."

ಸಂಜೆಯ ತನಕ ಬರೆದ. ಮುಗಿದ ಮೇಲೆ ಹುಡ್ಡಿಗೆ ತಾಡಪತ್ರಿ ಕತ್ತರಿಸಲು ನನಗೆ ಹೇಳಿದ. ಅಳತೆ ಪಟ್ಟಿ ಹಿಡಿದು ನೋಡಿದರೆ ಮುಂದಿನ ಎಡಗಡೆಯ ಜಾಗ ಬಲಗಡೆಗಿಂತ ಉದ್ದವಿತ್ತು. ಜೀಪಿನ ಮೂತಿಯೇ ಸೊಟ್ಟಗಾಗಿತ್ತು. ಅವನ ಗೆರೆ ತಪ್ಪಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬಲವಿಲ್ಲದೆ ಗೆರೆ ಜಾರಿದೆ ಅಂದುಕೊಂಡೆ. "ಇಲ್ಲಿ ಹೆಚ್ಚಾಗ್ಯಾದ, ಒರೆಸ್ಲೇನು?" ಅಂದೆ. "ಇರಲಿ ಬಿಡು," ಅಂದ. ಯಾರೂ ತುಳಿಯಬಾರದು ಅಂತ ಆ ಚಿತ್ರದ ಮೇಲೆ ನಾನೇ ತಾಡಪತ್ರಿ ಹೊದಿಸಿದೆ.

ಮಳೆ ಹಿಂದಾಗಿ ಬಿಳಿಜೋಳ ಬಿತ್ತುವ ಹೊತ್ತಿಗೆ ಮಿಸ್ತ್ರಿ ಹೋದ. ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಒರಗಿ ಕುಳಿತವನು ಮತ್ತೆ ಏಳಲಿಲ್ಲ. ಜುಬೇದಾಗೆ ಅವನು ಹೇಳಿರಲೇ ಇಲ್ಲ. ಮಯ್ಯತ್ತಿಗೆ ಮಣ್ಣು ಕೊಡಲು ಸುತ್ತಲಿನ ಊರುಗಳಿಂದ ಅವನು ಕಟ್ಟಿದ ಜೀಪುಗಳು ಬಂದು ರಾವೂರಿನ ದಾರಿಯುದ್ದಕ್ಕೂ ನಿಂತವು. ಕೊಡ್ಲಿಯ ಅಣ್ಣ ಮಾತ್ರ ಬಸ್ಸಿನಲ್ಲಿ ಬಂದ.

ಅವಳಿಗೆ ಆಸ್ಪತ್ರೆಯ ಮಾತು ಗೊತ್ತಾದದ್ದು ಆಮೇಲೆ, ನನ್ನ ಬಾಯಿಂದಲೇ. ಕೇಳಿದಳು, ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಊರ ಮಂದಿಗೆಲ್ಲ ಖರೆ ಹೇಳಿದ. ನನಗೊಬ್ಬಾಕಿಗೇ ಸುಳ್ಳ ಹೇಳಿದ. ನಾ ಅವರಕಿಂತ ಕಮ್ಮಿ ಇದ್ದೆನೇನು? ಗೊತ್ತಿದ್ರ ನಾ ಕೊಡ್ಲಿ ಮಾತೇ ತೆಗಿತಿರ್ಲಿಲ್ಲ. ಬಾಜೂಕ ಕುಂತು ಆತನ ಮಾರಿ ನೋಡ್ತಿದ್ದೆ."

ಅವನು ನನಗೆ ಕೊಟ್ಟಿದ್ದ ಕಾರಣ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳಿಗೆ ಸಮಾಧಾನವಾಗುತ್ತಿತ್ತೋ, ಇನ್ನಷ್ಟು ಉರಿಯುತ್ತಿತ್ತೋ ತಿಳಿಯದೆ ನುಂಗಿಕೊಂಡೆ. ಅವಳು ಹೇಳಿದ್ದು ನಿಜವೇ ಆಗಿತ್ತು. ನನಗೂ ಅವನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಸತ್ತವನ ಜೊತೆ ಜಗಳವಾಡಲು ಆಗುವುದಿಲ್ಲ, ಅದೇ ದುಃಖ.

ಗಂಡ ಸತ್ತವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದ ಮೇಲೆ ಜುಬೇದಾ ಮೊದಲು ಬಂದದ್ದು ಗ್ಯಾರೇಜಿಗೆ. ಟಂಟಂ ಆಟೊದಲ್ಲಿ ಹಿಂದಕ್ಕೆ ಕಾಲು ಚಾಚಿ, ಪಕ್ಕದ ಸರಳು ಹಿಡಿದುಕೊಂಡು ಬಂದಿದ್ದಳು. ಬೀಗದ ಕೈ ನನ್ನ ಹತ್ತಿರವೇ ಇತ್ತು. ಒಳಗೆ ಬುಡ್ಡಿ, ನನ್ನ ಹೊಲಿಗೆ ಯಂತ್ರ, ನೆಲದ ಮೇಲೆ ಹೊದಿಸಿದ ತಾಡಪತ್ರಿ. ಅದರ ಕೆಳಗೆ ಏನಿದೆ ಅಂತ ಕೇಳಿದಳು. ತೆಗೆದು ತೋರಿಸಿದೆ. ಗೆರೆಗಳು ಸ್ವಲ್ಪ ಮಾಸಿದ್ದವು, ಅಷ್ಟೇ.

ಅವಳು ಗೋಡೆ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಅವನು ಊರಿನವರನ್ನೆಲ್ಲ ಹೀಗೆ ಕೂರಿಸುತ್ತಿದ್ದದ್ದು ಅವಳಿಗೆ ಗೊತ್ತಿತ್ತು, ಆದರೆ ತಾನು ಎಂದೂ ಕೂತಿರಲಿಲ್ಲ. "ಪೆಟ್ಟಿಗಿ ಇಡು," ಅಂದಳು. ಮುಂದಿನ ಎಡಗಡೆ ಪೆಟ್ಟಿಗೆ ಇಟ್ಟು, ಭುಜ ಹಿಡಿದು ನಿಧಾನಕ್ಕೆ ಕೂರಿಸಿದೆ. ಅವಳು ಎರಡೂ ಕಾಲು ನೆಟ್ಟಗೆ ಮುಂದಕ್ಕೆ ಚಾಚಿದಳು. ಹಿಮ್ಮಡಿ ಫರಸಿಯ ಮೇಲೆ ನಿಂತಿತು. ಮುಂದಿನ ಗೆರೆ ಇನ್ನೂ ನಾಲ್ಕು ಬೆರಳು ಆಚೆ ಇತ್ತು.

ತಪ್ಪಿದ ಗೆರೆ ಅಂತ ನಾನು ಒರೆಸಲು ಹೊರಟಿದ್ದ ಜಾಗ ಅದೇ.

ಜುಬೇದಾ ತನ್ನ ಪಾದಗಳನ್ನು ನೋಡಿದಳು, ಗೆರೆಯನ್ನು ನೋಡಿದಳು. "ತಾಗಂಗಿಲ್ಲ," ಅಂದಳು, ಯಾರೋ ಎದುರಿಗೆ ಬಗ್ಗಿ ನಿಂತು ಕೇಳಿದವರಿಗೆ ಹೇಳುವಂತೆ. ಆಮೇಲೆ ಅಷ್ಟು ತಿಂಗಳ ಅಳು ಒಮ್ಮೆಲೇ ಬಂತು. ನಾನು ತಡೆಯಲಿಲ್ಲ. ಹೊರಗೆ ಟಂಟಂನವನು ಹಾರ್ನು ಹೊಡೆದು ಹೊಡೆದು ಸುಮ್ಮನಾದ.

ಅಳು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಆತ ನನಗ ಸುಳ್ಳೇ ಹೇಳ್ಯಾನ. ಅದು ಸುಳ್ಳೇ. ಆದ್ರ ಅಳತಿ ಬರೋಬರ್ ಅದ."

ಎಬ್ಬಿಸಲು ಕೈ ಕೊಟ್ಟೆ. ಇನ್ನೊಂದೀಟು ಕುಂದರ್ತೀನಿ ಅಂದಳು. ಪಕ್ಕದಲ್ಲಿ ಕೂರೋಣವೆಂದರೆ ಅದು ಗಾಡಿ ಹೊಡೆಯುವವನ ಜಾಗ. ಗೆರೆ ತುಳಿಯದಂತೆ ಸುತ್ತು ಹಾಕಿ ಬಂದು, ಹಿಂದಿನ ಸೀಟಿನಲ್ಲಿ ನೆಲದ ಮೇಲೆ ಕುಳಿತೆ.