ಸುಂದರವ್ವನ ಪಾಲಿನ ಅರ್ಧ

ಬೈಲಹೊಂಗಲದಲ್ಲಿ ನಾವು ಬಾಡಿಗೆಗಿದ್ದ ಮನೆಗೂ ಗೌಂಡಿ ಇನಾಸಪ್ಪನ ಮನೆಗೂ ನಡುವೆ ಒಂದೇ ಗೋಡೆ. ಅದನ್ನು ಕಟ್ಟಿದವರು ಯಾರೋ ಏನೋ, ಅತ್ತ ಕೆಮ್ಮಿದರೆ ಇತ್ತ ಕೇಳುತ್ತಿತ್ತು. ತೊಂಬತ್ತರ ದಶಕದ ನಡುವಿನ ಮಾತು. ನಾನು ಕನ್ನಡ ಶಾಲೆಯ ಶಿಕ್ಷಕಿ. ಹಗಲೆಲ್ಲ ಮಕ್ಕಳ ಗದ್ದಲ ಕೇಳಿ ಮನೆಗೆ ಬಂದರೆ ಆ ಗಂಡಹೆಂಡಿರ ಗದ್ದಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

ಇನಾಸಪ್ಪ, ಸುಂದರವ್ವ ಕ್ಯಾಥೋಲಿಕರು. ಒಬ್ಬಳೇ ಮಗಳು ಮದುವೆಯಾಗಿ ರಾಮದುರ್ಗಕ್ಕೆ ಹೋದ ಮೇಲೆ ಇಬ್ಬರೇ ಉಳಿದಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಜಗಳ. ಸರಿಯಾಗಿದ್ದರೆ, ನಿನ್ನೆ ಯಾಕೆ ಹೆಚ್ಚಾಗಿತ್ತು ಎಂದು ಜಗಳ. ಮಾತು ಬಿಟ್ಟರೆ ವಾರಗಟ್ಟಲೆ ಬಿಡುತ್ತಿದ್ದರು.

ಆದರೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮರಿಯಮ್ಮನ ಪಟದ ಮುಂದೆ ಜಪಮಾಲೆ ಹಿಡಿದು ಕೂಡುತ್ತಿದ್ದರು. ಆ ಪ್ರಾರ್ಥನೆಯನ್ನು ಇಬ್ಬರು ಹಂಚಿಕೊಂಡು ಹೇಳಬೇಕು. ತಾಯಿಗೆ ವಂದಿಸುವ ಮೊದಲರ್ಧ ಇನಾಸಪ್ಪನದು. ಪಾಪಿಗಳಾದ ನಮಗಾಗಿ ದೇವರಲ್ಲಿ ಬೇಡಿಕೋ ಎನ್ನುವ ಉಳಿದರ್ಧ ಸುಂದರವ್ವನದು. ಮಾತು ಬಿಟ್ಟ ದಿನಗಳಲ್ಲೂ ಇದು ತಪ್ಪುತ್ತಿರಲಿಲ್ಲ. ಅವನು ಸಿಡುಕುತ್ತ ತನ್ನದು ಹೇಳಿದರೆ, ಅವಳು ಅದಕ್ಕಿಂತ ಒಂದು ಕೈ ಮೇಲಾಗಿ ಸಿಡುಕುತ್ತ ತನ್ನದು ಮುಗಿಸುತ್ತಿದ್ದಳು. ಗೋಡೆಯ ಈಚೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಲ್ಲ ಸುಂದರವ್ವ, ಮಾತ ಬಿಟ್ಟೀರಿ, ಪ್ರಾರ್ಥನಾ ಹೆಂಗ ಕೂಡಿ ಮಾಡ್ತೀರಿ?" ಎಂದು ಒಮ್ಮೆ ಕೆಣಕಿದ್ದೆ.

"ಮಾತ ನಮ್ಮದು ಅಕ್ಕಾರ, ಬಿಟ್ಟರ ನಡಿತೈತಿ," ಎಂದಳು. "ಇದು ಹಂಗಲ್ಲ. ಒಬ್ಬರು ಬಿಟ್ಟರ ಇನ್ನೊಬ್ಬರದು ಅಲ್ಲೇ ನಿಂತುಬಿಡತೈತಿ."

ಒಂದು ಈಸ್ಟರ್ ಹಬ್ಬಕ್ಕೆ ಇನಾಸಪ್ಪ ಹೊಸ ಧೋತರ ತಂದಿಟ್ಟಿದ್ದ. ಚರ್ಚಿನ ಬಾಗಿಲಲ್ಲಿ ಕೂಡುತ್ತಿದ್ದ ಮುದುಕ ಪರಪ್ಪನ ಮೈಮೇಲೆ ಚಿಂದಿ ನೋಡಲಾರದೆ ಸುಂದರವ್ವ ಅದನ್ನು ಅವನಿಗೆ ಕೊಟ್ಟುಬಿಟ್ಟಳು. ಗಂಡನನ್ನು ಒಂದು ಮಾತು ಕೇಳಲಿಲ್ಲ. ಹಬ್ಬದ ದಿನ ತನ್ನ ಧೋತರ ಪರಪ್ಪನ ಸೊಂಟದಲ್ಲಿ ಕಂಡು ಇನಾಸಪ್ಪನ ಪಿತ್ತ ನೆತ್ತಿಗೇರಿತು. ಮನೆಗೆ ಬಂದವನು ಓಣಿಯ ಜನರೆಲ್ಲ ಕೇಳುವಂತೆ ಅಂದ:

"ನಿನ್ನ ಮದವಿ ಆಗಿದ್ದ ನಾ ಮಾಡಿದ ದೊಡ್ಡ ತಪ್ಪ."

ಸುಂದರವ್ವ ಯಾವತ್ತೂ ಉತ್ತರ ಕೊಡದೆ ಬಿಟ್ಟವಳಲ್ಲ. ಅಂದು ಮಾತ್ರ ಸುಮ್ಮನೆ ಒಳಗೆ ಹೋದಳು. ಮರುದಿನ ಕಿತ್ತೂರಿನಲ್ಲಿ ಗೋಡೆ ಕಟ್ಟುತ್ತಿದ್ದಲ್ಲೇ ಇನಾಸಪ್ಪನಿಗೆ ಲಕ್ವಾ ಹೊಡೆಯಿತು. ಧಾರವಾಡದ ಆಸ್ಪತ್ರೆಯಿಂದ ಕರೆತಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ಸತ್ತಿತ್ತು.

"ಆ ಒಂದ ಮಾತ ಅವರು ಹಿಂದ ತಗೋಬೇಕಿತ್ತು ಅಕ್ಕಾರ," ಎಂದಳು ಸುಂದರವ್ವ ನನ್ನ ಹತ್ತಿರ. "ಜಗಳ ಎಷ್ಟ ಆಡಿದರೂ ಹಂಗ ಅಂದಿದ್ದಿಲ್ಲ. ಈಗ ತಗೊಳ್ಳಾಕ ಅವರಿಗೆ ಬಾಯೇ ಇಲ್ಲ."

ಅದೇ ಮಾತನ್ನು ಎದೆಯಲ್ಲಿಟ್ಟುಕೊಂಡು ಅವಳು ಅವನ ಮೈ ತೊಳೆದಳು, ಬಟ್ಟೆ ಬದಲಿಸಿದಳು, ಅಂಬಲಿ ಕುಡಿಸಿದಳು. ಅವನು ಎಡಗೈಯಿಂದ ಬಟ್ಟಲು ಎಸೆದರೆ, "ಸಾಕಾಗೇತಿ ನನಗ, ಸಾಕಾಗೇತಿ," ಎಂದು ಒದರುತ್ತಿದ್ದಳು. ನೆಲ ಒರೆಸಿ ಮತ್ತೆ ಅಂಬಲಿ ತರುತ್ತಿದ್ದಳು. ಸಂತರೆಂದರೆ ಶಾಂತಮೂರ್ತಿಗಳು ಎಂದು ನಾನು ತಿಳಿದಿದ್ದೆ. ಹೀಗೆ ಒದರುತ್ತಲೇ ಸೇವೆ ಮಾಡುವವರ ಸುದ್ದಿಯನ್ನು ನನಗೆ ಯಾರೂ ಹೇಳಿರಲಿಲ್ಲ.

ಸಂಜೆಯ ಜಪ ಮಾತ್ರ ನಿಲ್ಲಲಿಲ್ಲ. ಆದರೆ ಗೋಡೆಯಾಚೆ ಒಂದೇ ದನಿ. ಮೊದಲು ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಅವಳ ಅರ್ಧ. ಮತ್ತೆ ಮೌನ. ಮತ್ತೆ ಅವಳ ಅರ್ಧ. ಅವನ ಪಾಲಿನ ಮಾತು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಕಾಯುತ್ತಿದ್ದಳು. ನಾನು ಈಚೆ ಕೈಕೆಲಸ ಬಿಟ್ಟು ಕೇಳುತ್ತಿದ್ದೆ.

"ಪೂರ್ತಿ ನೀನ ಹೇಳಬಾರದೇನ?" ಎಂದೆ.

"ಅವರದನ್ನೂ ನಾನ ಹೇಳಿದರ ಅವರು ಇಲ್ಲದಂಗ ಆತಲ್ರಿ," ಎಂದಳು.

ಮಳೆಗಾಲ ಕಳೆದು ಜೋಳ ಎದೆಯುದ್ದ ಬೆಳೆದಿದ್ದಾಗ, ಒಂದು ಸಂಜೆ ಆ ಮೌನದ ಜಾಗದಲ್ಲಿ ಗಂಡಸಿನ ದನಿ ಕೇಳಿತು. ತೊದಲುವ, ಎಡವುವ ದನಿ. ಆದರೂ ಮೊದಲರ್ಧ ಪೂರ್ತಿ ಬಂತು. ನಾನು ಕೈಯಲ್ಲಿದ್ದ ಹಿಟ್ಟು ತೊಳೆಯದೆ ಓಡಿದೆ. ಸುಂದರವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು.

"ನೀರು ಅನ್ರಿ," ಎಂದಳು. ಬರಲಿಲ್ಲ. "ಸುಂದ್ರಿ ಅನ್ರಿ." ಅದೂ ಬರಲಿಲ್ಲ. ಬೆವರು ಇಳಿಯುವಷ್ಟು ತಿಣುಕಿದ. ಹೀಗಾಗುವುದುಂಟು, ಬಾಯಿಪಾಠವಾದದ್ದು ಬರುತ್ತದೆ, ಬೇರೆ ಮಾತು ಬರಲಿಕ್ಕಿಲ್ಲ ಎಂದು ಧಾರವಾಡದ ಡಾಕ್ಟರು ಆಮೇಲೆ ಹೇಳಿದರು. ಅಂದರೆ ಸುಂದರವ್ವ ಕಾಯುತ್ತಿದ್ದ ಮಾತು ಬರುವ ಹಾಗಿರಲಿಲ್ಲ. ಅವಳು ಅದನ್ನು ಕೇಳಿ, ಸಂಜೆ ಎಂದಿನಂತೆ ಜಪಮಾಲೆ ತೆಗೆದಳು.

ಅದಾದ ಮೇಲೆ ಒಂದು ದಿನ ಮಜ್ಜಿಗೆ ಕೊಡಲು ಹೋದವಳು ಜಪ ಮುಗಿಯಲಿ ಎಂದು ಹೊಸ್ತಿಲಲ್ಲೇ ನಿಂತೆ. ಇನಾಸಪ್ಪ ತನ್ನ ಅರ್ಧ ಮುಗಿಸಿದ. ಸುಂದರವ್ವ ಬಾಯಿ ತೆರೆಯುವಷ್ಟರಲ್ಲಿ ಅವನು ಎಡಗೈ ಎತ್ತಿ ತಡೆದ. ಎಂದೂ ತಾನು ಹೇಳದ ಅವಳ ಪಾಲಿನ ಅರ್ಧವನ್ನು ಶುರು ಮಾಡಿದ. "ಪಾಪಿ" ಎನ್ನುವಲ್ಲಿಗೆ ಬಂದು ನಿಂತ. ಮರೆತಿರಬೇಕು ಎಂದುಕೊಂಡೆ. ಅವನು ಹೆಂಡತಿಯನ್ನೇ ನೋಡುತ್ತ, ಆ ಎಡಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ಮತ್ತೆ ಅಂದ, "ಪಾಪಿ." ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವನ ಬಳಿ ಉಳಿದದ್ದು ಜಪದ ಮಾತುಗಳು ಮಾತ್ರ. ಅಷ್ಟರಲ್ಲೇ ಹುಡುಕಿ, ತನಗೆ ಬೇಕಾದದ್ದನ್ನು ಹೆಂಡತಿಯ ಪಾಲಿನಿಂದ ತೆಗೆದುಕೊಂಡಿದ್ದ.

ಮಜ್ಜಿಗೆಯ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟೆ. ಇಂಥದ್ದನ್ನು ನಾನು ಯಾವ ಗುಡಿಯಲ್ಲೂ ಕಂಡಿರಲಿಲ್ಲ.

ಸುಂದರವ್ವ ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ತನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.

"ನೀವೊಬ್ಬರ ಅಲ್ರಿ," ಎಂದಳು. "ನಿಮ್ಮನ್ನ ಕೇಳದೇ ಧೋತರ ಕೊಟ್ಟಾಕಿ ನಾನು."