ಸುವಾರ್ತಮ್ಮನ ಕೌದಿ

ಸುವಾರ್ತಮ್ಮ ಸತ್ತದ್ದು ಚಳಿಗೆ. ಡಾಕ್ಟರು ನಿಮೋನಿಯಾ ಅಂದರು, ಚರ್ಚಿನ ಸಭೆಯವರು ದೇವರ ಚಿತ್ತ ಅಂದರು. ಅನ್ನಲಿ. ನಾನು ಮಾತ್ರ ಚಳಿಗೆ ಸತ್ತಳು ಅಂತಲೇ ಹೇಳುತ್ತೇನೆ, ಯಾರ ಮುಂದೆ ನಿಲ್ಲಿಸಿ ಕೇಳಿದರೂ ಹೇಳುತ್ತೇನೆ. ಅವಳು ಮಲಗುತ್ತಿದ್ದ ಕೋಣೆಗೂ ನೂರು ಹೊಸ ಕಂಬಳಿ ಇಟ್ಟಿದ್ದ ಕೋಣೆಗೂ ನಡುವೆ ಒಂದೇ ಗೋಡೆ. ಆ ಕೋಣೆಯ ಕೀಲಿ ಅವಳ ಸೆರಗಿನ ತುದಿಯ ಗಂಟಿನಲ್ಲೇ ಇತ್ತು.

ನಾನು ಅಂಜಲಿ. ಮುನಿರಾಬಾದಿನಲ್ಲಿ ನಮ್ಮ ಚರ್ಚಿನ ಗೇಟಿಗೆ ಎದುರಾಗಿ ನನ್ನ ಹೊಲಿಗೆ ಅಂಗಡಿ. ನನ್ನ ಬಾಯಿಗೆ ಬೀಗ ಇಲ್ಲ ಅಂತ ಸಭೆಯಲ್ಲಿ ಎಲ್ಲರೂ ಅನ್ನುತ್ತಾರೆ. ಖರೆ, ಇಲ್ಲ. ಕಂಬಳಿ ಇಟ್ಟ ಕೋಣೆಗೆ ಇತ್ತಲ್ಲ, ಅದರಿಂದ ಏನು ಭಾಗ್ಯ ಬಂತು?

ಸುವಾರ್ತಮ್ಮನ ಅಪ್ಪ ಗುಂಟೂರು ಕಡೆಯವನು. ಡ್ಯಾಮು ಕಟ್ಟುವಾಗ ಕಲ್ಲು ಒಡೆಯಲು ಬಂದವನು ಇಲ್ಲೇ ನಿಂತ. ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಮಗಳಿಗೆ ಸುವಾರ್ತೆ, ಅಂದರೆ ಒಳ್ಳೆಯ ಸುದ್ದಿ, ಅಂತ ಹೆಸರಿಟ್ಟ. ಅವಳ ಬದುಕಿನಲ್ಲಿ ಒಳ್ಳೆಯ ಸುದ್ದಿ ಬಂದದ್ದು ಅಷ್ಟಕ್ಕಷ್ಟೆ. ಗಂಡ ದಾನಿಯೇಲಪ್ಪ ಕಾಲುವೆಯ ಹೂಳೆತ್ತುವ ಕೂಲಿ, ಮಕ್ಕಳಾಗಲಿಲ್ಲ, ಅವನೂ ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋದ. ಆಮೇಲೆ ಸಭೆಯವರು ಚರ್ಚಿನ ಹಿಂದಿನ ಒಂದು ಕೋಣೆ ಬಿಟ್ಟುಕೊಟ್ಟರು. ಅವಳು ಕಸ ಗುಡಿಸಬೇಕು, ದೀಪದ ಗಾಜು ಒರೆಸಬೇಕು, ಭಾನುವಾರ ಗಂಟೆ ಹೊಡೆಯಬೇಕು. ಎಪ್ಪತ್ತು ದಾಟಿದ ಮೇಲೂ ಹಗ್ಗಕ್ಕೆ ಜೋತುಬಿದ್ದು ಗಂಟೆ ಹೊಡೆಯುತ್ತಿದ್ದಳು. ನೋಡಿದರೆ ಗಂಟೆಯೇ ಅವಳನ್ನು ಹೊಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ನಾನು ಅಂಗಡಿಯಿಂದಲೇ ಕೂಗುತ್ತಿದ್ದೆ, "ಅಕ್ಕಾ, ಹಗ್ಗ ಬಿಡಬ್ಯಾಡ, ಹಾರಿ ಹೊಸಪೇಟ್ಯಾಗ ಬಿದ್ದೀ!" ಅವಳು ನಗುತ್ತಿದ್ದಳು. ಮುಂದಿನ ಎರಡು ಹಲ್ಲು ಇರಲಿಲ್ಲ, ಆದರೂ ಛಂದ ನಗುತ್ತಿದ್ದಳು.

ನಮ್ಮಲ್ಲಿ ಹಿಡಿ ಅಕ್ಕಿಯ ಪದ್ಧತಿ ಇದೆ. ಅನ್ನಕ್ಕೆ ಎಸರಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಗಡಿಗೆಗೆ ಹಾಕಬೇಕು, ಭಾನುವಾರ ಅದನ್ನು ಒಯ್ದು ದೇವರ ಮುಂದೆ ಸುರಿಯಬೇಕು. ನಾವೆಲ್ಲ ಮರೆಯುತ್ತೇವೆ, ಶನಿವಾರ ಸಂಜೆ ನೆನಪಾಗಿ ಒಂದೇ ಸಲ ನಾಲ್ಕು ಹಿಡಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಸುವಾರ್ತಮ್ಮ ಮರೆತವಳಲ್ಲ. ಒಮ್ಮೆ ನಾನು ಹೋದಾಗ ಅವಳ ಡಬ್ಬಿಯಲ್ಲಿ ಇದ್ದದ್ದೇ ಎರಡು ಹಿಡಿ. ಅದರಲ್ಲೂ ಒಂದು ಹಿಡಿ ಗಡಿಗೆಗೆ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು.

"ಏನಕ್ಕಾ, ದೇವರಿಗೆ ಹಸಿವಾಗಿತ್ತೇನು? ಹಸಿವಾಗಿದ್ದು ನಿನಗ. ಗಡಿಗ್ಯಾನ ಅಕ್ಕಿ ತಗೊಂಡು ಬೇಯಿಸ್ಕೊಂಡು ಉಣ್ಣು."

"ಅಯ್ಯೋ ದೇವುಡಾ! ಎತ್ತಿಟ್ಟಿದ್ದು ನಂದಲ್ಲವ್ವ, ಅಂಜಲಿ."

ಅಷ್ಟೇ ಅವಳ ವೇದಾಂತ. ತನ್ನದು ಅಂತ ಇದ್ದದ್ದನ್ನು ಯಾರು ಕೇಳಿದರೂ ಕೊಡುವಳು, ಕೇಳದಿದ್ದರೂ ಕೊಡುವಳು. ದೇವರಿಗೆ ಎತ್ತಿಟ್ಟದ್ದನ್ನು ಮಾತ್ರ ಸತ್ತರೂ ಮುಟ್ಟುವಳಲ್ಲ. ಬಾಯಿಮಾತಿಗೆ ಹಾಗಂತ ಆಗ ನಾನೇ ಅನ್ನುತ್ತಿದ್ದೆ.

ಸಣ್ಣವ್ವ ನಮ್ಮ ರಸ್ತೆಗೆ ಬಂದದ್ದು ಹೋದ ವರ್ಷದ ಮಳೆ ಮುಗಿದ ಮೇಲೆ. ಇರಕಲ್ಲಗಡದ ಕಡೆಯವಳು, ಕೂಲಿ ಮಾಡಿ ಬದುಕಿದ ಮುದುಕಿ. ಹಳ್ಳದ ದಂಡೆಯಲ್ಲಿದ್ದ ಗುಡಿಸಲು ನೀರು ಬಂದು ಕೊಚ್ಚಿ ಹೋಗಿತ್ತು, ಹಿಂದೆ ಮುಂದೆ ಯಾರೂ ಇಲ್ಲ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗಿಯಲ್ಲಿ ಅಮ್ಮನ ಗುಡಿಯ ಮುಂದೆ ಕೂತು ಬೇಡುವಳು. ಉಳಿದ ದಿನ ನಮ್ಮ ಬಸ್ ನಿಲ್ದಾಣದ ಕಟ್ಟೆಯೇ ಅವಳ ಮನೆ. ನೀರಿಗೆ ಚರ್ಚಿನ ನಲ್ಲಿಗೆ ಬರುತ್ತಿದ್ದಳು. ಹಾಗೆ ಸುವಾರ್ತಮ್ಮನ ಕಣ್ಣಿಗೆ ಬಿದ್ದಳು. ಆಮೇಲೆ ಒಂದು ರೊಟ್ಟಿ ಎರಡು ತುಂಡಾಗತೊಡಗಿತು. ಇಬ್ಬರೂ ಬೇವಿನ ಮರದ ಕೆಳಗೆ ಕೂತು ಒಬ್ಬರ ತಲೆ ಒಬ್ಬರು ನೋಡುತ್ತ ಹೇನು ಕುಕ್ಕುವರು, ಸತ್ತ ಗಂಡಂದಿರನ್ನು ಬೈಯುವರು. ಒಬ್ಬಳು ಹುಲಿಗೆಮ್ಮನ ಆಣೆ ಹಾಕಿದರೆ ಇನ್ನೊಬ್ಬಳು ಯೇಸಪ್ಪನ ಆಣೆ ಹಾಕುವಳು. ದೇವರಿಬ್ಬರಿಗೂ ಏನೂ ತಕರಾರು ಇದ್ದಂತೆ ಕಾಣಲಿಲ್ಲ.

ಡಿಸೆಂಬರ್ ಬಂತು. ಡ್ಯಾಮಿನ ಹಿನ್ನೀರಿನ ಮೇಲಿಂದ ಬೀಸುವ ಗಾಳಿ ಗೊತ್ತಲ್ಲ, ಹಲ್ಲು ಕಟಕಟ ಅನ್ನಿಸುತ್ತದೆ. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಬಡವರಿಗೆ ಕಂಬಳಿ ಹಂಚುವುದು ನಮ್ಮ ಸಭೆಯ ದೊಡ್ಡ ಹೆಮ್ಮೆ. ಎಲ್ಲರೂ ಕೊಡುತ್ತೇವೆ, ಸುಳ್ಳು ಹೇಳಬಾರದು, ಪ್ರೀತಿಯಿಂದಲೇ ಕೊಡುತ್ತೇವೆ. ಗಂಗಾವತಿಯಿಂದ ಕಂಬಳಿಯ ಗಂಟುಗಳು ಬಂದವು. ತಿಂಗಳ ಮೊದಲ ಭಾನುವಾರ ಅವನ್ನು ದೇವರ ಮೇಜಿನ ಮುಂದೆ ಇಟ್ಟು, ಇಡೀ ಸಭೆ ಎದ್ದು ನಿಂತು ಕೈ ಎತ್ತಿ ಪ್ರಾರ್ಥನೆ ಮಾಡಿ, ಹಬ್ಬದ ದಿನಕ್ಕೆ ಅಂತ ದೇವರ ಹೆಸರಲ್ಲಿ ಎತ್ತಿಟ್ಟೆವು. ಆಮೇಲೆ ಸಭೆಯ ಹಿರಿಯ ದೇವಸಹಾಯಪ್ಪನವರು ಸುವಾರ್ತಮ್ಮನ ಕೋಣೆಯ ಪಕ್ಕದ ಕೋಣೆಯಲ್ಲಿ ಇಡಿಸಿ, ಬೀಗ ಹಾಕಿ, ಕೀಲಿಯನ್ನು ಅವಳ ಕೈಗೆ ಕೊಟ್ಟರು.

"ನಿನ್ನ ಕೈಯಾಗ ಇದ್ರ ಬ್ಯಾಂಕಿನಾಗ ಇದ್ದಂಗ, ಸುವಾರ್ತಮ್ಮ," ಅಂದರು. ಅವಳು ಹಿಗ್ಗಿ ಹೀರೇಕಾಯಿಯಾದಳು.

ದೇವಸಹಾಯಪ್ಪನವರು ಕೆಟ್ಟವರಲ್ಲ. ರಿಟೈರಾದ ಮೇಷ್ಟ್ರು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವರು. ಕೆಟ್ಟವರಾಗಿದ್ದರೆ ನನಗೆ ಬೈಯಲು ಸಲೀಸಾಗುತ್ತಿತ್ತು.

ಒಂದು ಮಧ್ಯಾಹ್ನ ಅವರು ಗಾಯನದ ಮಕ್ಕಳ ಬಿಳಿ ಅಂಗಿಗಳ ವಿಚಾರಕ್ಕೆ ನನ್ನ ಅಂಗಡಿಗೆ ಬಂದಿದ್ದರು. ಸುವಾರ್ತಮ್ಮ ರಸ್ತೆ ದಾಟಿ ಬಂದು ಬಾಗಿಲಲ್ಲೇ ನಿಂತಳು. ಸೆರಗು ಹಿಂಡುತ್ತಿದ್ದಳು.

"ಅಯ್ಯಾರ, ಒಂದು ಕಂಬಳಿ ಕೊಡ್ರಿ. ನನಗಲ್ಲ. ಕಟ್ಟಿ ಮ್ಯಾಲ ಮಲಗತಾಳಲ್ರಿ, ಸಣ್ಣವ್ವ, ಆಕಿಗೆ. ಹರಕ ಸೀರಿ ಹೊಚ್ಚಕೊಂಡು ನಡಗತಾಳ್ರಿ."

"ಕೊಡೋಣಲ್ಲವ್ವ, ಆಕಿಗೂ ಒಂದು ಐತಿ. ಇಪ್ಪತ್ತೈದಕ್ಕ ಕರಕೊಂಡು ಬಾ."

"ಚಳಿ ಈಗ ಐತಿರಿ."

"ಒಬ್ಬರಿಗೆ ಈಗ ಕೊಟ್ರ ನಾಳೆ ಐವತ್ತು ಮಂದಿ ಗೇಟಿಗೆ ನಿಲ್ತಾರ. ಹೊಸಪೇಟಿಯಿಂದ ದೊಡ್ಡವರು ಬರ್ತಾರ, ಅವರ ಕೈಲೆ ಕೊಡಸೂದು ಅಂತ ಆಗೇತಿ. ಮ್ಯಾಲಾಗಿ ಅವನ್ನ ಹಬ್ಬದ ದಿನಕ್ಕ ಅಂತ ದೇವರ ಮುಂದ ಇಟ್ಟೇವಿ. ನಿನಗ ನಾ ಹೇಳಬೇಕೇನು?"

ನನಗೆ ತಡೆಯಲಾಗಲಿಲ್ಲ. ಕತ್ತರಿ ಕೆಳಗಿಟ್ಟೆ. "ಅಲ್ರೀ ಅಯ್ಯಾರ, ಯೇಸುಸ್ವಾಮಿನೇ ಬಂದು ಚಳಿ ಆಗೇತಿ ಅಂದ್ರ, ಇಪ್ಪತ್ತೈದಕ್ಕ ಬಾರಪಾ ಅಂತೀರೇನ್ರಿ?"

ಅವರು ನಕ್ಕರು. "ನಿನ್ನ ಬಾಯಿ, ಅಂಜಲಿ!" ಅಂದು ಅಂಗಿಯ ಅಳತೆಗೆ ಮರಳಿದರು. ನಾನು ನಗಲಿಲ್ಲ. ಸುವಾರ್ತಮ್ಮನೂ ನಗಲಿಲ್ಲ. "ಖರೆ ಐತ್ರಿ, ದೇವರ ಮುಂದ ಇಟ್ಟಿದ್ದು," ಅಂದು ತಲೆ ತಗ್ಗಿಸಿ ಹೋದಳು.

ಅವಳ ಹತ್ತಿರ ಹೊದೆಯಲು ಇದ್ದದ್ದು ಒಂದೇ ಕೌದಿ. ಅವಳ ಅವ್ವನ ಹಳೆ ಸೀರೆಗಳು, ದಾನಿಯೇಲಪ್ಪನ ಅಂಗಿಗಳು, ನನ್ನ ಅಂಗಡಿಯ ತುಂಡುಗಳು, ಎಲ್ಲವನ್ನೂ ಪದರ ಪದರ ಜೋಡಿಸಿ ವರ್ಷಾನುಗಟ್ಟಲೆ ಕೈಯಲ್ಲೇ ಹೊಲಿದದ್ದು. ಗಂಡನ ನೀಲಿ ಅಂಗಿಯ ಜೇಬನ್ನು ಬಿಚ್ಚದೆ ಹಾಗೇ ನಡುವೆ ಸೇರಿಸಿದ್ದಳು. ಅದರಲ್ಲಿ ಕೈ ಇಟ್ಟುಕೊಂಡು ಮಲಗುವಳು. ಆ ಕೌದಿಯನ್ನು ಅವತ್ತೇ ಸಂಜೆ ಒಯ್ದು ಸಣ್ಣವ್ವನಿಗೆ ಹೊದಿಸಿದಳು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಯಾಕೆಂದರೆ ಮರುದಿನವೇ ಸಣ್ಣವ್ವ ಕೌದಿ ಕಂಕುಳಲ್ಲಿಟ್ಟುಕೊಂಡು ಹುಣ್ಣಿಮೆಯ ಜನ ಸೇರುವ ಹುಲಿಗಿಗೆ ಹೋದಳು, ಅಲ್ಲೇ ಉಳಿದಳು.

ಆ ವಾರ ಸುವಾರ್ತಮ್ಮನಿಗೆ ಕೆಮ್ಮು ಹತ್ತಿತು. ಭಾನುವಾರ ಗಂಟೆ ಹೊಡೆಯುವಾಗ ನಡುವೆ ನಡುವೆ ನಿಲ್ಲಿಸಿದಳು. "ಹೊಚ್ಚಕೊಳ್ಳಾಕ ಐತೇನಕ್ಕಾ?" ಅಂತ ಕೇಳಿದೆ. "ಐತವ್ವ, ಬೇಕಾದಷ್ಟು ಐತಿ," ಅಂದಳು. ಕಷಾಯ ಕಾಸಿ ಕೊಟ್ಟೆ, ಕುಡಿದಳು. ಅದರ ಮುಂದಿನ ಭಾನುವಾರ ಗಂಟೆಯೇ ಆಗಲಿಲ್ಲ. ಓಡಿ ಹೋಗಿ ಬಾಗಿಲು ತಳ್ಳಿದೆ. ನೆಲದ ಮೇಲೆ ಮುದುಡಿ ಮಲಗಿದ್ದಳು. ಮೈಮೇಲೆ ಎರಡು ಸೀರೆ, ಅದರ ಮೇಲೆ ಹಿಡಿ ಅಕ್ಕಿ ತುಂಬುವ ಖಾಲಿ ಗೋಣಿಚೀಲ. ಚೀಲ ಸಹ ಅವಳದೇ, ಸಭೆಯದಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

"ಕೌದಿ ಎಲ್ಲೇತಿ?"

"ಒಗದು ಹಾಕೀನಿ."

"ಎಲ್ಲಿ ಹಾಕಿ? ಹಗ್ಗದ ಮ್ಯಾಲ ಏನೂ ಇಲ್ಲ! ಗ್ವಾಡಿ ಆಚಿಗೆ ನೂರು ಕಂಬಳಿ ಅದಾವಲ್ಲಬೇ, ಕೀಲಿ ನಿನ್ನ ಹತ್ರನ ಐತಲ್ಲ! ಒಂದು ತಗದು ಹೊಚ್ಚಕೊಳ್ಳಾಕ ನಿನಗೇನು ಧಾಡಿ?"

ಅವಳು ಕಣ್ಣು ತೆರೆದು ನೋಡಿದಳು. ನಾನು ಹೇಳಬಾರದ ಮಾತು ಹೇಳಿದೆ ಅನ್ನುವಂತೆ ನೋಡಿದಳು. "ಅವು ಬಡವರವು, ಅಂಜಲಿ," ಅಂದಳು.

ಬಡವರವಂತೆ! ಹಾಗಾದರೆ ನೀನು ಯಾರು ನನ್ನವ್ವಾ, ಡ್ಯಾಮಿನ ಇಂಜಿನಿಯರನ ಹೆಂಡತಿಯೇ? ನನಗೆ ಅಳು ಬಂತು, ಬೈಗಳೂ ಬಂದವು, ಯಾವುದು ಮೊದಲು ಬಂತೋ ಗೊತ್ತಿಲ್ಲ. ನನ್ನ ಮನೆಯ ರಗ್ಗು ತಂದು ಸುತ್ತಿ, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆ. ಎರಡೂ ಪುಪ್ಪುಸದಲ್ಲಿ ಕಫ ತುಂಬಿದೆ, ತಡವಾಯಿತು ಅಂದರು. ಅಲ್ಲಿ ಮಲಗಿದ್ದಾಗ ಅವಳು ಮಾಡಿದ ಕೆಲಸ ಒಂದೇ. ಸೆರಗಿನ ಗಂಟು ಬಿಚ್ಚಿ, ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು.

"ಅಯ್ಯಾರಿಗೆ ಕೊಡು. ಎಣಿಸ್ಕೋರಿ ಅಂತ ಹೇಳು." ಆಮೇಲೆ, "ಹಬ್ಬಕ್ಕ ಗಂಟಿ ಯಾರು ಹೊಡೀತಾರ?" ಅಂದಳು. ಅದೇ ಕೊನೆಯ ಮಾತು.

ಹಬ್ಬದ ಹಿಂದಿನ ದಿನ ಅವಳನ್ನು ದಾನಿಯೇಲಪ್ಪನ ಪಕ್ಕ ಮಣ್ಣು ಮಾಡಿದೆವು. ಕಾಣಿಕೆಯಾಗಿ ಬಂದ ಹೂವೆಲ್ಲ ಅವಳ ಮೇಲೆ ಹಾಕಿದರು. ಎಲ್ಲರೂ ಎಷ್ಟು ಅತ್ತರು ಅಂತೀರಿ! ನನಗೆ ಅಳು ಬರಲಿಲ್ಲ, ಉರಿ ಬಂತು.

ಕ್ರಿಸ್ಮಸ್ಸಿನ ದಿನ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಶಾಮಿಯಾನ, ಬ್ಯಾನರು, ಹೊಸಪೇಟೆಯ ದೊಡ್ಡವರು. ಬಡವರನ್ನು ಸಾಲಾಗಿ ಕೂರಿಸಿದರು. ಒಬ್ಬೊಬ್ಬರಿಗೆ ಕಂಬಳಿ ಕೊಡುವಾಗ ಕಂಬಳಿಯ ಒಂದು ತುದಿ ಕೊಟ್ಟವರ ಕೈಯಲ್ಲಿ, ಒಂದು ತುದಿ ಇಸಗೊಂಡವರ ಕೈಯಲ್ಲಿ, ಫೋಟೊ ತೆಗೆಯುವವರೆಗೆ ಯಾರೂ ಬಿಡುವಂತಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಕಂಬಳಿ ಹೊದ್ದವರಿಗೆ ಬೆವರು ಇಳಿಯುತ್ತಿತ್ತು.

ಎಲ್ಲ ಮುಗಿದು ಶಾಮಿಯಾನ ಬಿಚ್ಚುವಾಗ ಸಣ್ಣವ್ವ ಬಂದಳು. ಹುಲಿಗಿಯಿಂದ ನಡೆದು ಬಂದಿದ್ದಳು. ತಲೆಗೆ ನೀರು ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಹಬ್ಬಕ್ಕೆ ಬರುವಂತೆಯೇ ಬಂದಿದ್ದಳು. ತಲೆಯ ಮೇಲೆ ಮಡಿಚಿದ ಕೌದಿ. ನೀಲಿ ಜೇಬು ನೋಡಿದ ಕೂಡಲೇ ಕೌದಿ ಎಲ್ಲಿ ಹೋಗಿತ್ತು ಅಂತ ನನಗೆ ತಿಳಿಯಿತು. ದೇವಸಹಾಯಪ್ಪನವರು ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕಂಬಳಿ ಉಳಿದಿತ್ತು, ಅವಳ ಪಾಲಿನದು. ಅದನ್ನು ಹಿಡಿದು, "ಬಾರವ್ವ, ಸಣ್ಣವ್ವ, ನಿಂದು ಇಟ್ಟೀನಿ," ಅಂದರು.

"ತಡೀರಿ. ಮೊದಲು ಅಕ್ಕನ ಕೌದಿ ಅಕ್ಕಗ ಮುಟ್ಟಸ್ತೀನಿ. ಹೊಳಿಯಾಗ ಒಗದು, ಬಂಡಿಗಲ್ಲಿನ ಮ್ಯಾಲ ಒಣಗಿಸಿ ತಂದೀನಿ. ಅಕ್ಕ ಎಲ್ಲಿ?"

ನಾನೇ ಹೇಳಬೇಕಾಯಿತು. ಚಳಿಗೆ ಹೋದಳು, ನಿನ್ನೆ ಮಣ್ಣು ಮಾಡಿದೆವು ಅಂದೆ.

ಸಣ್ಣವ್ವ ಕೌದಿಯನ್ನು ತಲೆಯಿಂದ ಇಳಿಸಿ ಎದೆಗೆ ಅವಚಿಕೊಂಡಳು. ಆಮೇಲೆ ದೇವಸಹಾಯಪ್ಪನವರ ಕಡೆ ತಿರುಗಿ, ಬೈಯುವ ಧ್ವನಿಯಲ್ಲ, ನಿಜವಾಗಿ ತಿಳಿಯದೆ ಕೇಳುವವರ ಧ್ವನಿಯಲ್ಲಿ ಕೇಳಿದಳು.

"ನಾ ಬ್ಯಾಡ ಅಂದ್ನಿರಿ. ನಿಂದು ತಗೊಂಡ್ರ ನೀ ಏನು ಹೊಚ್ಚಕೊಳ್ತಿ ಅಂದ್ನಿ. ಹಬ್ಬದ ಮಟ ಇಟಗೋ, ಒಳಗ ಬೇಕಾದಷ್ಟು ಕಂಬಳಿ ಅದಾವು ಅಂದ್ಲು. ಇದ್ದಿದ್ದಿಲ್ಲೇನ್ರಿ?"

ದೇವಸಹಾಯಪ್ಪನವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಂಬಳಿ ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇತ್ತು, ಅವರ ಕೈಯಲ್ಲಿ ಚರಚರ ಅನ್ನುತ್ತಿತ್ತು.

"ಇದ್ದುವವ್ವ," ಅಂದರು. "ಎಣಿಸಿ ನೋಡಿದೆ. ಒಂದೂ ಕಡಿಮಿ ಇರಲಿಲ್ಲ."