ಸಿಕ್ ರೂಮಿನ ರಿಜಿಸ್ಟರು

ಜಯನಗರದಲ್ಲಿ ಆಟೋದವರಿಗೆ ದಾರಿ ಹೇಳಲು ಮರಗಳ ಗುರುತೇ ಸಾಕಾಗುತ್ತಿದ್ದ ತೊಂಬತ್ತರ ದಶಕದ ಮಾತು. ನಮ್ಮ ಶಾಲೆಯಲ್ಲಿ ‘ಆರೋಗ್ಯ ಕೇಂದ್ರ’ ಎಂಬ ಘನವಾದ ಬೋರ್ಡು ಹೊತ್ತ ಒಂದು ಕೋಣೆಯಿತ್ತು; ನಮ್ಮ ಬಾಯಲ್ಲಿ ಅದು ಸಿಕ್ ರೂಮು. ಒಳಗೆ ಕಬ್ಬಿಣದ ಮಂಚ, ತೂಕದ ಯಂತ್ರ, ಟಿಂಚರಿನ ವಾಸನೆ ಮತ್ತು ಸಿಸ್ಟರ್. ಹಲ್ಲುನೋವಿನಿಂದ ಹಿಡಿದು ಗಣಿತದವರೆಗೆ ಸಕಲ ವ್ಯಾಧಿಗಳಿಗೂ ಅವರ ಚಿಕಿತ್ಸೆ ಒಂದೇ: ಒಂದು ಲೋಟ ಗ್ಲೂಕೋಸ್ ನೀರು, ಒಂದು ಪೀರಿಯಡ್ ನಿದ್ದೆ.

ನಾನಾಗ ನಾಲ್ಕನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಅಮ್ಮ ತೀರಿಕೊಂಡಿದ್ದಳು. ನನಗೆ ಅಳು ಬರಲಿಲ್ಲ. ನೆಂಟರು ಅದನ್ನು ಜಾಣತನವೆಂದು ಹೊಗಳಿ, ಕಾಫಿ ಕುಡಿದು ಹೋದರು. ಅಪ್ಪನೂ ಅಳಲಿಲ್ಲ. ಮನೆಯಲ್ಲಿ ಕುಕ್ಕರ್ ಒಂದೇ ಸದ್ದು ಮಾಡುತ್ತಿತ್ತು. ಶಾಲೆಯಲ್ಲಿ ಊಟದ ಬೆಲ್ಲಾಗಿ, ಎಲ್ಲರ ಡಬ್ಬಿಗಳಿಂದ ಚಿತ್ರಾನ್ನದ ವಾಸನೆ ಎದ್ದ ಕೂಡಲೇ ನನ್ನ ಕೈಕಾಲು ಮರಗಟ್ಟುತ್ತಿತ್ತು. ಎದ್ದು ಸಿಕ್ ರೂಮಿಗೆ ಹೋಗುತ್ತಿದ್ದೆ.

“ಏನಮ್ಮ ಇವತ್ತು?”

“ಗೊತ್ತಿಲ್ಲ ಸಿಸ್ಟರ್.”

ಅವರು ‘ಹೊಟ್ಟೆನೋವು’ ಎಂದು ಬರೆದುಕೊಳ್ಳುತ್ತಿದ್ದರು. ಒಂದೇ ಕಾಯಿಲೆ ವಾರದಲ್ಲಿ ಮೂರು ಸಲ ರಿಜಿಸ್ಟರಿಗೆ ಬಿದ್ದರೆ ಮನೆಯವರನ್ನು ಕರೆಸಬೇಕೆಂಬುದು ಶಾಲೆಯ ಶಾಸನ. ಮೂರನೇ ದಿನ ನಾನು ಬಾಗಿಲಲ್ಲೇ ನಿಂತೆ. “ಅಪ್ಪನ್ನ ಕರೀಬೇಡಿ ಸಿಸ್ಟರ್. ಅವ್ರು ಈಗ್ಲೇ ಊಟ ಮಾಡ್ತಿಲ್ಲ.”

ಸಿಸ್ಟರ್ ಪೆನ್ನು ಎತ್ತಿ ಯೋಚಿಸಿದರು. “ಹೊಟ್ಟೆ ಎರಡ್ ಸಲ ಆಯ್ತು. ಇವತ್ತು ಕಿವಿ ಹಾಕ್ತೀನಿ, ಹೋಗ್ ಮಲ್ಕೋ.”

ಹೀಗೆ ಕಿವಿ, ಮೊಣಕಾಲು, ಕಣ್ಣುರಿ, ಬಿಕ್ಕಳಿಕೆಗಳು ಸರದಿಯ ಪ್ರಕಾರ ನನ್ನನ್ನು ಬಾಧಿಸತೊಡಗಿದವು. “ಲೇ, ನಿಂಗಿನ್ನೇನೇ ಬಾಕಿ? ಗೂರ್ಲೊಂದೇ!” ಎಂದಳು ಪಕ್ಕದ ಸೀಟಿನ ರೇಖಾ. ಮರುವಾರ ಗೂರಲು ಕೆಮ್ಮೂ ಬಂತು.

ತಪಾಸಣೆಗೆ ಬಂದ ಡಾಕ್ಟರು ರಿಜಿಸ್ಟರು ತಿರುವಿ ಗಾಬರಿಯಾದರು. ಇಷ್ಟು ರೋಗಗಳು ಒಂದೇ ಮಗುವಿನಲ್ಲಿ ಬಿಡಾರ ಹೂಡಿದ್ದನ್ನು ಅವರು ಕಂಡಿರಲಿಲ್ಲ. ಅಪ್ಪನ ಆಫೀಸಿಗೆ ಫೋನು ಹೋಯಿತು. ಅಪ್ಪ ಬಸ್ಸಿಳಿದು ಓಡುತ್ತ ಬಂದರು.

“ತಪ್ಪು ನಂದು ಸಾರ್,” ಎಂದರು ಸಿಸ್ಟರ್. “ಇವಳಿಗೆ ಯಾವ ಕಾಯಿಲೇನೂ ಇಲ್ಲ. ಊಟದ ಬೆಲ್ಲಾದ್ರೆ ಡಬ್ಬಿ ಬಿಟ್ಟು ಇಲ್ಲಿ ಬಂದ್ಬಿಡ್ತಾಳೆ. ಇವಳಪ್ಪನ್ನ ಕರೆಸ್ಬಾರ್ದು ಅಂತ ನಾನೇ ಏನೇನೋ ಬರ್ಕೊಂಡೆ.”

“ಮತ್ತೆ ಮಗೂಗೆ ಏನಾಗಿದೆ?” ಡಾಕ್ಟರು ಕೇಳಿದರು.

ಅಪ್ಪ ಮಂಚದ ಅಂಚಿನಲ್ಲಿ, ನನ್ನ ಪಕ್ಕ ಕೂತರು. “ಇವಳಮ್ಮ ಹೋಗ್ಬಿಟ್ಳು ಸಾರ್.” ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ನಂಗೂ ಹಂಗೇ. ಡಬ್ಬಿ ತೆಗೆದ್ರೆ ಕೈ ಏಳಲ್ಲ.”

ಸಿಸ್ಟರ್ ಎರಡು ಲೋಟ ಗ್ಲೂಕೋಸ್ ಕಲಸಿದರು. ಕುಡಿದೆವು. ಯಾರೂ ಅಳಲಿಲ್ಲ.

ನನ್ನ ಮಗಳ ಶಾಲೆಯಲ್ಲೀಗ ಕೌನ್ಸೆಲರ್ ಇದ್ದಾರೆ. ಮಕ್ಕಳ ಸಂಕಟವನ್ನು ಕಿವಿಯ ಲೆಕ್ಕಕ್ಕೆ ಬರೆಯಬೇಕಿಲ್ಲ. ಒಳ್ಳೆಯದೇ ಆಯಿತು. ನಾನು ಕಳೆದುಕೊಂಡದ್ದು ಬೇರೆ. ಅಂದು ಮನೆಗೆ ನಡೆಯುವಾಗ ಅಪ್ಪನನ್ನು ಅಮ್ಮನ ಬಗ್ಗೆ ಏನಾದರೂ ಕೇಳಬಹುದಿತ್ತು; ಮಾತಿನ ಬಾಗಿಲು ತೆರೆದೇ ಇತ್ತು. ನಾಳೆ ಕೇಳೋಣ ಅಂದುಕೊಂಡೆ. ಅವಳ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಈಗ ಅಪ್ಪನೂ ಇಲ್ಲ. ನನ್ನ ಅಮ್ಮನ ದನಿ ಹೇಗಿತ್ತು ಎಂದು ಮಗಳು ಕೇಳಿದರೆ, ಗೊತ್ತಿಲ್ಲ ಎನ್ನುತ್ತೇನೆ.